ನಡುವಿನ ಹಲ್ಲು

ಆ ಹಲ್ಲನ್ನು ಬಚ್ಚಿಟ್ಟವಳು ನಾನು. ಅದು ಕಳೆದುಹೋಗಲಿಲ್ಲ, ಜರಡಿಯಲ್ಲಿ ಒಡೆಯಲೂ ಇಲ್ಲ — ನಾನೇ ತೆಗೆದು, ಹತ್ತಿಯಲ್ಲಿ ಸುತ್ತಿ, ಕುಂಕುಮದ ಡಬ್ಬಿಯೊಳಗೆ ಇಟ್ಟುಕೊಂಡೆ.

ಹನಗೋಡಿನ ಸುಮಿತ್ರ, ಗಾವಡಗೆರೆಯ ನಾನು — ಮೈಸೂರಿನಲ್ಲಿ ಒಟ್ಟಿಗೆ ಭೂವಿಜ್ಞಾನ ಓದಿದವರು, ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ನಮ್ಮ ಸೀಮೆಯ ಕಲ್ಲುಗಳಲ್ಲಿ ಮೀನಿನ ಗುರುತಿಲ್ಲ. ಒಂದು ಕಾಲಕ್ಕೆ ಕಡಲಾಗಿದ್ದ ತಮಿಳುನಾಡಿನ ಬಯಲಿನಿಂದ ಮಣ್ಣು ತಂದು, ಜರಡಿ ಹಿಡಿದು, ಅಳಿದುಹೋದ ಶಾರ್ಕ್‌ಗಳ ಹಲ್ಲು ಆರಿಸುತ್ತಿದ್ದೆವು. ಶಾರ್ಕಿಗೆ ಗಟ್ಟಿ ಮೂಳೆಯಿಲ್ಲ. ಸತ್ತ ಮೇಲೆ ಉಳಿಯುವುದು ಹೆಚ್ಚಾಗಿ ಹಲ್ಲೇ. ಅದರ ಅಂಚು, ಬುಡ ನೋಡಿ ಯಾವ ಮೀನೆಂದು ಹೇಳಬೇಕು.

ನೀಳವಾದ ಹಲ್ಲು ಒಂದು ಜಾತಿಯದು, ಅಗಲವಾಗಿ ಓರೆಯಾದದ್ದು ಇನ್ನೊಂದರದು — ನನ್ನ ಪ್ರಬಂಧವೆಲ್ಲ ಈ ಮಾತಿನ ಮೇಲೆ ನಿಂತಿತ್ತು. ಎರಡನೆಯದಕ್ಕೆ ಹೊಸ ಹೆಸರನ್ನೂ ಯೋಚಿಸಿಟ್ಟಿದ್ದೆ. ಒಂದು ಮಧ್ಯಾಹ್ನ ಸುಮಿತ್ರ ಹಲ್ಲುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು.

"ಇವೆರಡೂ ಒಂದೇ ಮೀನು ಕಣೇ. ಇದು ಬಾಯಿ ಮುಂದಿಂದು, ಅದು ಪಕ್ಕದ್ದು. ನಡುವೆ ಇದನ್ನಿಟ್ಟು ನೋಡು."

ನೋಡಿದೆ. ನೀಳವೂ ಅಲ್ಲದ, ಅಗಲವೂ ಅಲ್ಲದ ಹಲ್ಲು. ಅವಳು ಹೇಳಿದ್ದು ನಿಜವೆಂದು ಆಗಲೇ ಗೊತ್ತಾಯಿತು — ಗೊತ್ತಾಯಿತೆಂದೇ ಹೆದರಿದೆ.

ಮರುದಿನ ನಮ್ಮ ಸಂಶೋಧನೆಗೆ ಗೈಡ್ ಆಗಿದ್ದ ಮೇಷ್ಟ್ರ ಮುಂದೆ ಅವಳು ತಟ್ಟೆ ಇಟ್ಟಾಗ ಆ ಹಲ್ಲು ಇರಲಿಲ್ಲ. ಹುಡುಕಿದಳು. ಮೇಷ್ಟ್ರು ನಕ್ಕರು.

"ನೀನೂ ನೋಡಿದ್ಯಲ್ವೇನೇ?" ಎಂದು ನನ್ನತ್ತ ತಿರುಗಿದಳು.

"ನಂಗೆ ಅಂಥದ್ದೇನೂ ಕಾಣ್ಲಿಲ್ಲ," ಎಂದೆ.

ನನ್ನ ಪ್ರಬಂಧ ಆ ಹೊಸ ಹೆಸರಿನೊಂದಿಗೆ ಅಚ್ಚಾಯಿತು. ಅವಳು ಜಗಳವಾಡಲಿಲ್ಲ. ವರ್ಷ ಮುಗಿಯುವುದರೊಳಗೆ ಸಂಶೋಧನೆ ಬಿಟ್ಟು, ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಶಾಲೆಯಲ್ಲಿ ಟೀಚರ್ ಆದಳು. ನಾನು ಬಾಣಂತಿಯಾಗಿದ್ದಾಗ ರಜೆ ಹಾಕಿ ಬಂದು ಮಗುವಿಗೆ ನೀರೆರೆದವಳೂ ಅವಳೇ. ಆಗಲಾದರೂ ಹೇಳಬಹುದಿತ್ತು —

ಹೇಳಿದ್ದು ಹೋದ ತಿಂಗಳು, ಅವಳ ಮನೆಯಲ್ಲಿ. ತಪ್ಪೊಪ್ಪಿಕೊಂಡು ತಿದ್ದುಪಡಿ ಅಚ್ಚು ಹಾಕಿಸುತ್ತೇನೆ, ಕಂಡುಕೊಂಡವಳು ನೀನೆಂದು ಬರೆಯುತ್ತೇನೆ ಎಂದೆ. ಅವಳು ತಿದ್ದುತ್ತಿದ್ದ ಮಕ್ಕಳ ಪುಸ್ತಕ ಮುಚ್ಚಿಟ್ಟಳು.

"ಹೆಸ್ರು ಅಂಗಿರ್ಲಿ ಬುಡು. ಅವತ್ತಿಂದ ನನ್ ಕಣ್ಣನ್ನೇ ನಂಬ್ದಂಗಾದೆ ಕಣೇ. ಮಕ್ಳ ಲೆಕ್ಕ ತಿದ್ದೋವಾಗ್ಲೂ ತಪ್ಪು ನಂದೇ ಇರ್ಬೋದೇನೋ ಅನ್ಸುತ್ತೆ."

ತಿದ್ದುಪಡಿ ಕಳಿಸಿದ್ದೇನೆ. ಅದು ಮೀನಿನ ಹೆಸರನ್ನು ಸರಿಮಾಡುತ್ತದೆ, ಅಷ್ಟೇ. ಅವಳ ಮನೆಯಿಂದ ಹೊರಟ ಆ ಸಂಜೆ, ನಾನು ಬೇಡವೆಂದರೂ ಕೇಳದೆ ಅವಳು ಸ್ಟ್ಯಾಂಡಿನವರೆಗೆ ಬಂದು, ಬಸ್ಸು ಬರುವ ತನಕ ನನ್ನ ಪಕ್ಕದಲ್ಲೇ ನಿಂತಿದ್ದಳು.