ಮರಗಸಿಯವನ ಜಿಎಸ್‌ಟಿ ನಂಬರು

"ಅಕ್ಕಾ, ನಾನು ಯಾವಾಗ ಸಾಹುಕಾರ ಆದೆ?"

ಹೋದ ವಾರ ಸಕಲೇಶಪುರದ ನನ್ನ ಆಫೀಸಿನ ಬಾಗಿಲಲ್ಲಿ ನಿಂತು ರುದ್ರೇಶ ಹೀಗೆ ಕೇಳಿದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕುಬಿಟ್ಟೆ. ಅವನು ನಗಲಿಲ್ಲ. ಜೇಬಿನಿಂದ ರೇಷನ್ ಕಾರ್ಡ್ ತೆಗೆದು ನನ್ನ ಮೇಜಿನ ಮೇಲಿಟ್ಟ.

"ರದ್ದಾಗ್ಬುಟ್ಟೈತೆ. ಜಿಎಸ್‌ಟಿ ಇರೋರಿಗೆ ಬಿಪಿಎಲ್ ಕಾರ್ಡ್ ಯಾಕೆ ಅಂತಾವ್ರೆ. ಅಕ್ಕಿ ಹೋಗ್ಲಿ ಬಿಡಿ. ಮುಂದಿನ ತಿಂಗ್ಳು ಸವಿತಂಗೆ ಆಪರೇಷನ್ ಐತೆ. ಈ ಕಾರ್ಡ್ ಮೇಲೇ ಅಲ್ವಾ ಆಸ್ಪತ್ರೆಯೋರು ಪುಕ್ಕಟೆ ಮಾಡ್ತೀವಿ ಅಂದಿದ್ದು?"

ಸವಿತಾ ಅವನ ಹೆಂಡತಿ. ಗರ್ಭಕೋಶದಲ್ಲಿ ಗಡ್ಡೆ. ತಿಂಗಳುಗಟ್ಟಲೆ ಓಡಾಡಿದ ಮೇಲೆ ಆಸ್ಪತ್ರೆಯಲ್ಲಿ ಒಂದು ತಾರೀಕು ಸಿಕ್ಕಿತ್ತು. ನನ್ನ ನಗು ಅಲ್ಲೇ ನಿಂತುಹೋಯಿತು.

ನನ್ನ ಹೊಟ್ಟೆಪಾಡು ಏನೆಂದು ನಿಮಗೆ ಗೊತ್ತೇ ಇದೆ. ಜನರ ಟ್ಯಾಕ್ಸ್ ಫೈಲ್ ಮಾಡುವುದು. ಈ ಊರಿನ ಅರ್ಧ ಜನರ ಪ್ಯಾನ್ ನಂಬರು ನನಗೆ ಬಾಯಿಪಾಠ (ಗಂಡನ ಫೋನ್ ನಂಬರು ಮಾತ್ರ ನೆನಪಿರುವುದಿಲ್ಲ). ರುದ್ರೇಶನಿಗೆ ಜಿಎಸ್‌ಟಿ ನಂಬರು ಮಾಡಿಸಿಕೊಟ್ಟವಳೂ ನಾನೇ.

ಅವನು ಹೊಂಗಡಹಳ್ಳದ ಕಡೆಯವನು. ಮರಗಸಿ ಮಾಡುತ್ತಾನೆ. ಅಂದರೆ ಕಾಫಿ ಗಿಡಕ್ಕೆ ಬೇಕಾದಷ್ಟು ಬಿಸಿಲು ಬೀಳಲಿ ಎಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಯಾರ ಸಂಬಳದಾಳೂ ಅಲ್ಲ. ಇವತ್ತು ಈ ಎಸ್ಟೇಟು, ನಾಳೆ ಇನ್ನೊಂದು ತೋಟ. ಇದೇ ರೀತಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬದುಕಿದರೆ ಫ್ರೀಲ್ಯಾನ್ಸರ್ ಅನ್ನುತ್ತೇವೆ. ಕತ್ತಿ ಹಿಡಿದವನನ್ನು ಹಾಗೆ ಕರೆಯಲು ನಮಗೆ ಯಾಕೋ ಬಾಯಿ ಬರುವುದಿಲ್ಲ.

ಬೇಸಿಗೆ ಶುರುವಾಗುವ ಮೊದಲು ಒಂದು ದಿನ ಅವನು ಕುಣಿದುಕೊಂಡು ಬಂದಿದ್ದ. ಸರ್ಕಾರಿ ಕಚೇರಿಯೊಂದರವರು ರಸ್ತೆ ಬದಿಯ ಕೊಂಬೆ ತೆಗೆಸಲು ಒಂದು ವರ್ಷದ ಗುತ್ತಿಗೆ ಕೊಡುತ್ತಾರಂತೆ. "ನೀನೇ ಹಾಕು ಮಾರಾಯ, ಜಿಎಸ್‌ಟಿ ಒಂದು ಮಾಡಿಸ್ಕೊಂಡು ಬಾ" ಎಂದು ಅಲ್ಲಿನ ಯಾರೋ ಹೇಳಿದ್ದರಂತೆ. ಹನ್ನೆರಡು ತಿಂಗಳೂ ಕೆಲಸ! ಮರಗಸಿ ಮುಗಿದ ಮೇಲೆ ಖಾಲಿ ಕೂರುವವನಿಗೆ ಇನ್ನೇನು ಬೇಕು?

ನನಗೂ ಹುರುಪು ಬಂತು. ವ್ಯವಹಾರದ ಹೆಸರು ಬೇಕಲ್ಲ, "ರುದ್ರೇಶ್ ಎಂಟರ್‌ಪ್ರೈಸಸ್" ಎಂದು ಇಟ್ಟೆವು. ವ್ಯವಹಾರದ ಸ್ಥಳ ಯಾವುದು ಎಂದು ಫಾರಂ ಕೇಳಿತು. "ನನ್ ಆಫೀಸು ಮರದ್ ಮೇಲೆ ಕಣಕ್ಕಾ" ಅಂದ. ಕೊನೆಗೆ ಮನೆ ಜಗುಲಿಗೆ ಒಂದು ಬೋರ್ಡ್ ಹೊಡೆದು, ಅದರ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತು ಫೋಟೋ ತೆಗೆಸಿಕೊಂಡು ಬಂದ. ಪಕ್ಕದಲ್ಲಿ ಸವಿತಾ ಕೂಡ ಇದ್ದಳು. ಅವಳನ್ನು ಕ್ರಾಪ್ ಮಾಡಿ ಅಪ್‌ಲೋಡ್ ಮಾಡಿದೆ.

ಎಲ್ಲ ಕೇಳಿದೆ. ಆಧಾರ್, ಪ್ಯಾನ್, ಕರೆಂಟ್ ಬಿಲ್, ಬ್ಯಾಂಕ್ ಪಾಸ್‌ಬುಕ್. ಮನೆಯಲ್ಲಿ ಯಾವ ಕಾರ್ಡ್ ಇದೆ ಎಂದು ಮಾತ್ರ ಕೇಳಲಿಲ್ಲ. ಈ ರೂಲ್ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಖುಷಿಯಲ್ಲಿ ತಲೆಗೆ ಬರಲಿಲ್ಲ, ಅಷ್ಟೇ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಟೆಂಡರ್ ಹಾಕಿದೆವು. ಮೂರು ವರ್ಷದ ಅನುಭವದ ಪತ್ರ ಇಲ್ಲವೆಂದು ಮೊದಲ ಸುತ್ತಿನಲ್ಲೇ ತೆಗೆದುಹಾಕಿದರು. ಇಪ್ಪತ್ತು ವರ್ಷದಿಂದ ಮರ ಹತ್ತುವವನ ಹತ್ತಿರ ಒಂದು ಚೀಟಿಯೂ ಇಲ್ಲ! ಎಲ್ಲಿಂದ ಬರಬೇಕು? ಮರಗಸಿ ಒಪ್ಪಂದ ನಡೆಯುವುದೇ ಬಾಯಿಮಾತಲ್ಲಿ. ಮಾಲೀಕರು ತೋಟದಲ್ಲಿ ಒಂದು ಸುತ್ತು ಹಾಕಿ, ಯಾವ ಕೊಂಬೆ ಇರಲಿ, ಯಾವುದು ಹೋಗಲಿ ಎಂದು ಬೆರಳು ತೋರಿಸಿದರೆ ಮುಗಿಯಿತು. ಪತ್ರಕ್ಕಾಗಿ ರುದ್ರೇಶ ಹೆಗ್ಗದ್ದೆಯ ಎಸ್ಟೇಟ್ ಒಂದಕ್ಕೆ ಹೋದರೆ ಮಾಲೀಕರು, "ಬಾಯಲ್ಲಿ ಎಷ್ಟು ಬೇಕಾದ್ರೂ ಹೊಗಳ್ತೀನಿ. ಸಹಿ ಒಂದ್ ಕೇಳ್ಬೇಡ ಕಣೋ" ಎಂದು ಕಾಫಿ ಕುಡಿಸಿ ಕಳಿಸಿದರು.

ಗುತ್ತಿಗೆ ಹೊರಗಿನ ಒಬ್ಬರ ಪಾಲಾಯಿತು. ಅವರ ಹತ್ತಿರ ಪತ್ರಗಳಿದ್ದವು, ಮರ ಹತ್ತುವವರು ಇರಲಿಲ್ಲ. ಯಾರನ್ನು ಕರೆದರು ಹೇಳಿ? ರುದ್ರೇಶನನ್ನೇ! ದಿನಗೂಲಿಗೆ! ಹಾಜರಿ ಪುಸ್ತಕದಲ್ಲಿ ಕೂಲಿಯವನು, ಪೋರ್ಟಲ್‌ನಲ್ಲಿ ಎಂಟರ್‌ಪ್ರೈಸಸ್ಸಿನ ಮಾಲೀಕ. ಸರ್ಕಾರ ನಂಬಿದ್ದು ಪೋರ್ಟಲನ್ನು.

ದುಡಿಮೆ ಬಂದ ಮೇಲೆ ತೆರಿಗೆ ಕೇಳಿ, ತಪ್ಪಿಲ್ಲ. ದುಡಿಮೆ ಬರಬಹುದು ಎಂದು ನಂಬರು ತೆಗೆದುಕೊಂಡವನಿಗೇ ಶಿಕ್ಷೆಯೇ? ಅದೂ ನಂಬರು ತಾ ಎಂದು ಹೇಳಿದ್ದು ಸರ್ಕಾರವೇ ಆಗಿರುವಾಗ?

ಅವನು ಕಾರ್ಡ್ ತಂದ ದಿನವೇ ನಂಬರು ರದ್ದು ಮಾಡಲು ಅರ್ಜಿ ಹಾಕಿದೆ. ಇಬ್ಬರೂ ಕಾರ್ಡಿನ ಕಚೇರಿಗೆ ಹೋದೆವು. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದರು. "ಜಿಎಸ್‌ಟಿ ಕ್ಯಾನ್ಸಲ್ ಆದ ಆರ್ಡರ್ ತನ್ನಿ ಮೇಡಂ, ಹೊಸದಾಗಿ ಅರ್ಜಿ ಹಾಕೋಣ. ಆದ್ರೆ ಈಗ ಹೊಸ ಕಾರ್ಡ್‌ಗೆ ಸೈಟ್ ಓಪನ್ ಇಲ್ಲ ಕಣ್ರೀ." ಯಾವಾಗ ಓಪನ್ ಆಗುತ್ತದೆ? ಅದು ಅವರಿಗೂ ಗೊತ್ತಿರಲಿಲ್ಲ.

ಈಗ ಯಾರಾದರೂ ಸರ್ಕಾರಿ ಗುತ್ತಿಗೆ ಹಿಡಿಯಬೇಕು, ನಂಬರು ಮಾಡಿಸಿಕೊಡಿ ಎಂದು ಬಂದರೆ ನಾನು ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು. ಟ್ಯಾಕ್ಸ್ ಸಲಹೆ ಕೊಡುವವಳು ಕೇಳುವ ಪ್ರಶ್ನೆಯೇ ಇದು?

ನಿನ್ನೆ ಆಪರೇಷನ್ನಿನ ಫಾರಂ ತುಂಬಲು ಹೋಗಿದ್ದ ರುದ್ರೇಶ ಆಸ್ಪತ್ರೆಯಿಂದ ಫೋನ್ ಮಾಡಿದ. "ಅಕ್ಕಾ, ಫಾರಂನಾಗೆ ಗಂಡನ ಉದ್ಯೋಗ ಅಂತ ಕೇಳ್ತಾವ್ರೆ. ಕೂಲಿ ಅಂದ್ರೆ ಕಾರ್ಡ್ ಎಲ್ಲಿ ಅಂತಾರೆ. ಓನರ್ ಅಂದ್ರೆ ಪೂರ್ತಿ ದುಡ್ಡು ಕಟ್ಟು ಅಂತಾರೆ. ಏನ್ ಬರ್ಸ್ಲಿ?"

ಅಷ್ಟರಲ್ಲಿ ಹಿಂದಿನಿಂದ ಸವಿತಾಳ ದನಿ ಕೇಳಿಸಿತು. "ಮನೆಗೆ ಹೋಗಣ ಬಾ. ಈಗ ನೋವು ಅಷ್ಟೇನಿಲ್ಲ."

ಇಬ್ಬರೂ ಮನೆಗೆ ವಾಪಸಾದರು. ಅವಳ ತಾರೀಕು ಈಗ ಬೇರೆ ಯಾವ ಹೆಂಗಸಿಗೋ ಸಿಕ್ಕಿರುತ್ತದೆ. ಆ ಹೆಂಗಸಿನ ಗಂಡ ಸರ್ಕಾರಿ ಗುತ್ತಿಗೆಯ ಆಸೆಗೆ ಬಿದ್ದವನಲ್ಲ ಅಂತ ಕಾಣುತ್ತದೆ.