ಮೀಸಲು ಟಗರಿನ ಹುಲ್ಲು

೧೯೪೧ರ ಮುಂಗಾರಿನ ಹೊತ್ತಿಗೆ ನಾನು ಮಳವಳ್ಳಿಯಲ್ಲಿ ವೆಟರ್ನರಿ ಇನ್ಸ್‌ಪೆಕ್ಟರ್ ಆಗಿದ್ದೆ. ಹೆಸರಿಗೆ ಇನ್ಸ್‌ಪೆಕ್ಟರ್, ಜನರ ಬಾಯಲ್ಲಿ ದನದ ಡಾಕ್ಟ್ರು. ಹಳ್ಳಿ ಸುತ್ತಲು ಒಂದು ಸೈಕಲ್ಲು, ಅದರ ಹಿಂದೆ ಕಟ್ಟಿದ ಔಷಧಿ ಪೆಟ್ಟಿಗೆ, ಆಸ್ಪತ್ರೆಯಲ್ಲಿ ಒಂದು ಹಳೆಯ ಮೈಕ್ರೋಸ್ಕೋಪು. ಇಷ್ಟೇ ನನ್ನ ಆಸ್ತಿ. ಬಂಡೂರು ಸುತ್ತಿನ ಕುರಿಗಳು ನನ್ನ ಪಾಲಿಗೆ ಬಂದಿದ್ದವು. ಗಿಡ್ಡ ಕಾಲು, ಅಗಲವಾದ ಬೆನ್ನು, ನೋಡಲು ಬಲು ಲಕ್ಷಣ. ಅವುಗಳ ಮಾಂಸದ ರುಚಿಯನ್ನು ಹೊಗಳದವರನ್ನು ಆ ಸೀಮೆಯಲ್ಲಿ ನಾನು ಕಂಡಿಲ್ಲ. ನಾನು ತಿಂದವನಲ್ಲ, ಕೇಳಿದವನು.

ನಮ್ಮ ಮನೆಯಲ್ಲಿ ನನ್ನ ಈ ಕೆಲಸಕ್ಕೆ ಅಂಥ ಗೌರವವೇನೂ ಇರಲಿಲ್ಲ. ಸಂಜೆ ಮನೆಗೆ ಬಂದರೆ ಅಮ್ಮ ಹಿತ್ತಿಲ ಬಾಗಿಲಲ್ಲೇ ತಡೆದು, ಬಾವಿಯ ಹತ್ತಿರ ತಲೆಯ ಮೇಲೆ ನೀರು ಸುರಿದುಕೊಂಡ ಮೇಲೆಯೇ ಒಳಗೆ ಬಿಡುತ್ತಿದ್ದರು. ಮಡಿಯಲ್ಲಿ ಬೆಂದದ್ದು, ಮಡಿಯವರು ಬಡಿಸಿದ್ದು, ಅದೇ ಅವರ ಲೆಕ್ಕದಲ್ಲಿ ಶುದ್ಧವಾದ ಊಟ. ನನ್ನ ಲೆಕ್ಕ ಬೇರೆ: ಗಾಜಿನ ಕೆಳಗೆ ಕ್ರಿಮಿ ಕಾಣದಿದ್ದರೆ ಶುದ್ಧ, ಕಂಡರೆ ಇಲ್ಲ. ಹೊಸ ಡಿಪ್ಲೊಮಾ, ಬಿಸಿ ರಕ್ತ! ಲೋಕದಲ್ಲಿ ಈ ಎರಡು ಲೆಕ್ಕ ಬಿಟ್ಟು ಮೂರನೆಯದು ಇದ್ದೀತೆಂದು ನನಗೆ ಅನ್ನಿಸಿರಲೇ ಇಲ್ಲ.

ಒಂದು ಸೋಮವಾರ ಬೆಳಿಗ್ಗೆ ಬಂಡೂರಿನ ಹತ್ತಿರದ ಒಂದು ಸಣ್ಣ ಊರಿನಿಂದ ಪಟೇಲ ಚನ್ನೇಗೌಡರು ಗಾಡಿ ಕಟ್ಟಿಕೊಂಡು ಬಂದರು. ದಪ್ಪ ದನಿಯ, ಮುಚ್ಚುಮರೆ ಇಲ್ಲದ ಮನುಷ್ಯ.

“ನೆನ್ನೆ ಸಂದೇಲಿ ಚೆಂದಾಗಿ ಮೇದಿದ್ ಕುರಿ ಒತ್ತಾರೆ ಬಿದ್ ಸತ್ತೋಗದೆ ಡಾಕ್ಟ್ರೇ. ಮೂಗ್ನಲ್ಲಿ ಕರ್ರಗೆ ರಕ್ತ. ಯಾಕೋ ಸರಿ ಕಾಣ್ನಿಲ್ಲ,” ಅಂದರು.

ಹೋಗಿ ನೋಡಿದೆ. ಕುರಿಯ ಹೊಟ್ಟೆ ಉಬ್ಬಿತ್ತು, ಮೂಗಿನ ರಕ್ತ ಹೆಪ್ಪುಗಟ್ಟಿರಲಿಲ್ಲ. ಕಿವಿಯಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡೆ. ಚರ್ಮ ಸುಲಿಯಗೊಡದೆ ಆಳವಾದ ಗುಂಡಿ ತೆಗೆಸಿ, ಸುಣ್ಣ ಹಾಕಿಸಿ ಹೂಳಿಸಿದೆ. ಮಧ್ಯಾಹ್ನ ಆಸ್ಪತ್ರೆಗೆ ಬಂದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಿದಿರಿನ ಗಣ್ಣುಗಳ ಹಾಗೆ ಸಾಲುಗಟ್ಟಿ ನಿಂತ ಕಡ್ಡಿಗಳು. ಆಂಥ್ರಾಕ್ಸ್! ನಮ್ಮ ಕಡೆ ನೆರಡಿ ರೋಗ ಎನ್ನುವುದು ಇದನ್ನೇ. ಕುರಿಯನ್ನು ಒಂದೇ ದಿನದಲ್ಲಿ ಕೆಡವುತ್ತದೆ, ಅದನ್ನು ಕೊಯ್ದವರನ್ನೂ ತಿಂದವರನ್ನೂ ಬಿಡುವುದಿಲ್ಲ. ಸತ್ತ ಪ್ರಾಣಿಯ ರಕ್ತಕ್ಕೆ ಗಾಳಿ ತಗುಲಿದರೆ ಈ ಕ್ರಿಮಿ ಬೀಜದಂತೆ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಸ್ಪೋರ್ ಎನ್ನುವ ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಕಾದಿರುತ್ತದೆ.

ಮಂಗಳವಾರ ಬೆಳಿಗ್ಗೆ ಊರಿನ ಮಿಕ್ಕ ಕುರಿಗಳಿಗೆ ಲಸಿಕೆ ಹಾಕಲೆಂದು ಸೈಕಲ್ ತುಳಿದುಕೊಂಡು ಹೋದೆ. ಊರ ಬಾಗಿಲಲ್ಲೇ ತಮಟೆಯ ಸದ್ದು ಕೇಳಿಸಿತು. ಮಾರಿಗುಡಿಯ ಮುಂದೆ ಜನ ಸೇರಿದ್ದರು. ನಡುವೆ ಹೂವಿನ ಹಾರ ಹಾಕಿ, ಅರಿಶಿನ ಬಳಿದು ನಿಲ್ಲಿಸಿದ್ದ ಒಂದು ಭಾರಿ ಟಗರು. ಹಿಂದಿನ ದಿನ ಕುರಿ ಸತ್ತ ಮನೆಯದೇ ಅದು ಎಂದು ಪಟೇಲರು ಹೇಳಿದರು.

ಟಗರು ಚಿಕ್ಕತಾಯಮ್ಮ ಎಂಬ ಮುದುಕಿಯದು. ಬೇರೆ ಊರಿನವಳು. ಮಗಳ ಗಂಡ ತೀರಿಕೊಂಡ ಮೇಲೆ ಮಗಳಿಗೂ ಮೊಮ್ಮಗಳಿಗೂ ಆಸರೆಯಾಗಲೆಂದು ಇಲ್ಲಿಗೆ ಬಂದು ನೆಲೆಸಿದ್ದಳು. ಎರಡು ವರ್ಷದ ಹಿಂದೆ ಮೊಮ್ಮಗಳು ಗೌರಿಗೆ ಕೆಟ್ಟ ಜ್ವರ ಬಂದು ಕೈ ತಪ್ಪುವ ಹಾಗಿದ್ದಾಗ, ಮಗು ಉಳಿದರೆ ಟಗರು ಕೊಡುತ್ತೇನೆಂದು ಮಾರಮ್ಮನಿಗೆ ಹೇಳಿಕೊಂಡಿದ್ದಳು. ಮಗು ಉಳಿಯಿತು. ಆಗಿನ್ನೂ ಮರಿಯಾಗಿದ್ದ ಈ ಟಗರು ಅಂದಿನಿಂದ ಮೀಸಲು ಮರಿಯಾಯಿತು. ಎಂದರೆ ದೇವರಿಗೆಂದೇ ಎತ್ತಿಟ್ಟದ್ದು. ಅದಕ್ಕೆ ಮನೆಯ ಎಂಜಲಿಲ್ಲ, ಮುಸುರೆಯಿಲ್ಲ. ಬೇರೆ ಕುರಿ ಬಾಯಿ ಹಾಕಿದ ಹುಲ್ಲನ್ನೂ ಅದು ತಿನ್ನಕೂಡದು. ಮುದುಕಿ ದಿನವೂ ನಸುಕಿನಲ್ಲೆದ್ದು, ಮಿಂದು, ಒದ್ದೆ ಸೀರೆಯಲ್ಲೇ ಹೋಗಿ ಹುಲ್ಲು ಕೊಯ್ದು ತರುತ್ತಿದ್ದಳಂತೆ. ನಮ್ಮಮ್ಮನಿಗೇ ಮಡಿ ಹೇಳಿಕೊಡುವಂಥ ಹೆಂಗಸು!

ಅಲ್ಲಿಯ ಪದ್ಧತಿ ಹೀಗೆ: ಟಗರಿನ ಬೆನ್ನ ಮೇಲೆ ತೀರ್ಥ ಹಾಕುತ್ತಾರೆ. ಅದು ಮೈ ಒದರಿದರೆ ದೇವಿ ಒಪ್ಪಿದಳೆಂದು ಲೆಕ್ಕ. ಕೆಲವು ಟಗರುಗಳು ಗಂಟೆಗಟ್ಟಲೆ ಸುಮ್ಮನೆ ನಿಂತು ಎಲ್ಲರನ್ನೂ ಗೋಳು ಹೊಯ್ದುಕೊಳ್ಳುವುದುಂಟು. ಪೂಜಾರಿ ಮಾದಪ್ಪ ತಂಬಿಗೆ ಬಗ್ಗಿಸಿದ್ದೇ ತಡ, ಈ ಟಗರು ಅಡಿಯಿಂದ ಮುಡಿಯವರೆಗೆ ನಡುಗಿಬಿಟ್ಟಿತು. ಜನ ಹೋ ಎಂದರು. ಚಿಕ್ಕತಾಯಮ್ಮ ನೆಲಕ್ಕೆ ಬಿದ್ದು ಕೈ ಮುಗಿದಳು.

ಆದರೆ ಟಗರು ನಡುಗುವುದನ್ನು ನಿಲ್ಲಿಸಲೇ ಇಲ್ಲ.

ಜನರನ್ನು ತಳ್ಳಿಕೊಂಡು ಹೋಗಿ ಥರ್ಮಾಮೀಟರು ಇಟ್ಟೆ. ಕುರಿಗೆ ನೂರೆರಡು, ನೂರಮೂರು ಡಿಗ್ರಿ ಸಹಜ. ಇದಕ್ಕೆ ನೂರೇಳು. “ಇದನ್ನ ಕೊಯ್ಯಬೇಡಿ. ನಿನ್ನೆಯ ಕುರಿಗೆ ಬಂದ ರೋಗವೇ ಇದಕ್ಕೂ ಬಂದಿದೆ,” ಎಂದು ಕೂಗಿದೆ.

ಪೂಜಾರಿ ನಕ್ಕ. “ತಾಯಿ ಒಪ್ಕಂಡವ್ಳೆ ಬುದ್ದಿ. ಕಣ್ಣಾರ ನೋಡುದ್ರಲ್ಲ? ಅವ್ಳು ಒಪ್ಪುದ್ಮೇಲೆ ಅದು ಸುದ್ದ.”

ಪಟೇಲರದು ಇನ್ನೊಂದು ನ್ಯಾಯ. “ರೋಗ ಇದ್ರೆ ಬ್ಯಾಗ ಕುಯ್ದುಬುಡ್ಬೇಕು ಕಣ್ರೀ. ಉಸ್ರು ಇರೋವಾಗ ಕುಯ್ದ್ರೆ ಬಾಡು, ಉಸ್ರು ಓದ್ಮೇಲೆ ಎಣ. ತಡ ಮಾಡುದ್ರೆ ಅರ್ಕೇನೂ ಕೆಡ್ತದೆ.”

“ಕೊತಕೊತ ಬೇಯ್ಸುದ್ಮೇಲೆ ಅದ್ಯಾವ್ ಉಳ ಉಳ್ಕತದೆ ಬುಡಿ ಸ್ವಾಮಿ!” ಎಂದು ಹಿಂದಿನಿಂದ ಯಾರೋ ಸೇರಿಸಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಟಗರಿಗೆ ಕಾಯಿಲೆ ಹೆಚ್ಚಾದಷ್ಟೂ ಇವರಿಗೆ ಕೊಯ್ಯುವ ಅವಸರ ಹೆಚ್ಚುತ್ತಿತ್ತು. ಕೊಯ್ಯುವವನ ಕೈಗೆ ಅಂಟುತ್ತದೆ, ಕರುಳು ತೊಳೆಯುವ ಹೆಂಗಸರಿಗೆ ಅಂಟುತ್ತದೆ, ರಕ್ತ ಬಿದ್ದ ಮಣ್ಣೆಲ್ಲ ವಿಷವಾಗುತ್ತದೆ, ಬೇಯಿಸಿದರೂ ನಂಬುವಂತಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಯಾರ ಕಿವಿಗೂ ಬೀಳಲಿಲ್ಲ. ಪೊಲೀಸರನ್ನು ಕರೆಸೋಣವೆಂದರೆ ಅವರು ಮಳವಳ್ಳಿಯಿಂದ ಬರುವ ಹೊತ್ತಿಗೆ ಊಟ ಮುಗಿದು ಎಲೆ ಎತ್ತಿರುತ್ತಾರೆ. ಮಚ್ಚು ಹಿಡಿದವನು ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದ.

ಆಗ ಚಿಕ್ಕತಾಯಮ್ಮನ ಕಡೆ ತಿರುಗಿದೆ. ಅವಳ ಸೆರಗು ಹಿಡಿದುಕೊಂಡು ಗೌರಿ ನಿಂತಿದ್ದಳು. ಹೊಸ ಲಂಗ, ಕಣ್ಣ ತುಂಬ ಕಾಡಿಗೆ.

“ಅಜ್ಜಿ, ಈ ಟಗರಿನ ಮೊದಲ ತುತ್ತು ಯಾರಿಗೆ?” ಎಂದು ಕೇಳಿದೆ.

“ನನ್ ಕೂಸ್ಗೇಯ ಬುದ್ದಿ. ಅವ್ಳ ಎಸ್ರಲ್ಲಿ ಬುಟ್ಟಿರೋದಲ್ವಾ?”

“ನಾನು ಇಷ್ಟೆಲ್ಲ ಹೇಳಿದ್ದನ್ನ ನೀನು ಕೇಳಿಸಿಕೊಂಡೆಯಲ್ಲ. ಆ ತುತ್ತನ್ನ ನೀನೇ ನಿನ್ನ ಕೈಯಲ್ಲಿ ಅವಳ ಬಾಯಿಗೆ ಇಡ್ತೀಯಾ?”

ಮುದುಕಿ ಟಗರಿನ ಹತ್ತಿರ ಹೋಗಿ ಅದರ ದವಡೆಯ ಕೆಳಗೆ ಕೈ ಇಟ್ಟುಕೊಂಡು ನಿಂತಳು. ಆಮೇಲೆ ತನಗೆ ತಾನೇ ಎಂಬಂತೆ, “ರಾತ್ರೆಯಿಂದ ಮೆಲ್ಕು ಆಕ್ನಿಲ್ಲ ಇದು. ನಂಗೂ ಯಾಕೋ ಕಸಿವಿಸಿ ಆಯ್ತಿತ್ತು,” ಎಂದಳು. ಹೂವಿನ ಹಾರವನ್ನು ಕಿತ್ತು ಗುಡಿಯ ಮೆಟ್ಟಿಲ ಮೇಲೆ ಇಟ್ಟಳು.

“ಕುಯ್ಯಂಗಿಲ್ಲ. ನನ್ ಕೂಸು ತಿನ್ಬಾರದ್ನ ಆ ತಾಯ್ಗೆ ಎಂಗ್ಲಾ ಇಕ್ಕದು?”

“ತಾಯಿ ಮುನ್ಕತಳೆ ಕಣಮ್ಮ,” ಎಂದ ಪೂಜಾರಿ.

“ಮುನ್ಕಂಡ್ರೆ ನನ್ ಮ್ಯಾಲೆ ಮುನ್ಕಳ್ಳಿ. ನಾನೇ ಏಳ್ಕತೀನಿ. ಮಚ್ಚು ಒಳಗಿಡ್ಲಾ!”

ಆ ದನಿಗೆ ಮಚ್ಚಿನವನು ಹಿಂದಕ್ಕೆ ಸರಿದ. ಹರಕೆ ಹೊತ್ತವಳೇ ಬೇಡವೆಂದ ಮೇಲೆ ಪಟೇಲರೂ ಸುಮ್ಮನಾದರು. ಬಿಸಿಲೇರುವ ಮೊದಲೇ ಟಗರು ಮುಗ್ಗರಿಸಿ ಬಿದ್ದು, ಕಾಲು ಬಡಿದು ಸತ್ತಿತು. ಅದರ ಮೂಗಿನಿಂದ ಇಳಿದ ಕಪ್ಪು ರಕ್ತವನ್ನು ಊರೇ ನೋಡಿತು. ಆಮೇಲೆ ಯಾರೂ ನನ್ನೊಡನೆ ವಾದಕ್ಕೆ ಬರಲಿಲ್ಲ. ನನಗೆ ಗೆದ್ದೆನೆಂದು ಅನ್ನಿಸಲೂ ಇಲ್ಲ. ಸಾಕಿದ ಪ್ರಾಣಿಯನ್ನು ಮುಟ್ಟಬೇಡವೆಂದು ಆ ಮುದುಕಿಯನ್ನು ದೂರ ಎಳೆದು ನಿಲ್ಲಿಸಬೇಕಾಯಿತು.

ಹೂಳುವ ಕೆಲಸ ಮುಗಿದ ಮೇಲೆ ರೋಗದ ಮೂಲ ಹುಡುಕಬೇಕಿತ್ತು. ಊರಿನಲ್ಲಿ ಬೇರೆ ಯಾರ ಕುರಿಗೂ ಏನೂ ಆಗಿರಲಿಲ್ಲ. ಈ ಒಂದು ಮನೆಗೆ ಮಾತ್ರ ಎಲ್ಲಿಂದ ಬಂತು? ವಿಚಾರಿಸಿದಾಗ, ಟಗರು ತಿಂದು ಬಿಟ್ಟ ಹುಲ್ಲನ್ನು ಹಿಂದಿನ ದಿನ ಸತ್ತ ಕುರಿಗೆ ಹಾಕುತ್ತಿದ್ದರೆಂದು ತಿಳಿಯಿತು.

“ಹುಲ್ಲು ಎಲ್ಲಿಂದ ತರ್ತಿದ್ದೆ ಅಜ್ಜಿ?”

“ಒಳ್ಳೇ ಜಾಗದಿಂದ್ಲೇಯ. ಬನ್ನಿ, ತೋರುಸ್ತೀನಿ.”

ಊರಾಚೆ, ಕೆರೆಯ ಹಿಂದೆ, ಸುತ್ತಲೂ ಮುಳ್ಳು ಬೇಲಿ ಹಾಕಿದ ಒಂದು ತುಂಡು ನೆಲ. ಸುತ್ತಲ ಬಯಲನ್ನೆಲ್ಲ ದನಕುರಿಗಳು ಬೋಳು ಮಾಡಿದ್ದವು, ಬೇಲಿಯ ಒಳಗೆ ಮಾತ್ರ ಹಸಿರು. ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿತ್ತು. ಅದನ್ನು ಬುಡದವರೆಗೆ, ಮಣ್ಣು ಹತ್ತುವಂತೆ ಕೊಯ್ದ ಗುರುತು ಕಾಣುತ್ತಿತ್ತು.

“ಯಾರೂ ಬಾಯಿ ಆಕ್ದೆ ಇರೋ ಉಲ್ಲು ಬುದ್ದಿ. ಬೇಲಿ ಕಟ್ಟವ್ರೆ, ದ್ಯಾವ್ರ ಬನ ಅಂದ್ಕಂಡೆ. ಇದ್ಕಿಂತ ಸುದ್ದವಾದ್ದು ಎಲ್ಲಿ ಸಿಕ್ಕದು?”

ಹಿಂದೆಯೇ ಬಂದಿದ್ದ ಪಟೇಲರು ತಲೆ ಚಚ್ಚಿಕೊಂಡರು. “ಅಯ್ಯೋ, ಇದು ದನ ಊತಿರೋ ಜಾಗ ಕಣಮ್ಮ! ನೀನು ಬರೋಕ್ ಮುಂಚೆ ಇದೇ ನೆರಡಿ ಬಂದು ಸತ್ತ ದನನೆಲ್ಲ ಇಲ್ಲೇ ಊತು ಬೇಲಿ ಆಕಿದ್ವಿ. ಊರ್ಗೆಲ್ಲ ಗೊತ್ತು.”

“ನಂಗ್ಯಾರೂ ಏಳ್ನಿಲ್ವಲ್ಲ ಗೌಡ್ರೇ,” ಎಂದಳು ಚಿಕ್ಕತಾಯಮ್ಮ.

ಅವಳು ಹುಲ್ಲು ಕೊಯ್ಯುತ್ತಿದ್ದದ್ದು ಊರು ಏಳುವ ಮೊದಲು. ಅವಳನ್ನು ಅಲ್ಲಿ ಕಂಡವರೇ ಇಲ್ಲ. ಮುದುಕಿ ನನ್ನ ಮುಖ ನೋಡಿದಳು. “ನಾನೇ ತಿನ್ಸಿ ತಿನ್ಸಿ ಕೊಂದ್ನಾ ಬುದ್ದಿ?”

ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ನಾಳೆ ಇದೇ ಜಾಗಕ್ಕೆ ಇನ್ನೊಬ್ಬರು ಬಂದರೆ? “ಈ ಹುಲ್ಲಿನ ಬುಡದ ಮಣ್ಣಿನಿಂದಲೇ ಬಂದದ್ದು ಅಜ್ಜಿ, ಈಗಿನ ಮಳೆಗೆ ರೋಗದ ಬೀಜ ಮೇಲೆದ್ದಿದೆ. ನಿನಗೆ ಗೊತ್ತಿರಲಿಲ್ಲ,” ಎಂದೆ.

ಅವಳು ಅಳಲಿಲ್ಲ. ಇದ್ದಕ್ಕಿದ್ದ ಹಾಗೆ ಏನೋ ನೆನಪಾಗಿ, ಆ ವಯಸ್ಸಿನಲ್ಲಿ, ಊರ ಕಡೆ ಓಡತೊಡಗಿದಳು. ನಾವು ಹಿಂದೆ ಹಿಂದೆ ಹೋದೆವು. ಜಗಲಿಯ ಮೇಲಿದ್ದ ಗೌರಿಯನ್ನು ಸೆಳೆದುಕೊಂಡು ಎರಡು ಅಂಗೈಗಳನ್ನೂ ಬಿಡಿಸಿ ನನ್ನ ಮುಂದೆ ಹಿಡಿದಳು. “ಉಲ್ಲು ಇವ್ಳೂ ಬಾಚಿ ಆಕ್ತಿದ್ಲು. ನೋಡಿ ಬುದ್ದಿ, ಸರ್ಯಾಗ್ ನೋಡಿ!”

ಬೆರಳು ಬೆರಳೂ ನೋಡಿದೆ. ಮೊಣಕೈ, ಕತ್ತು, ಮುಖ, ಎಲ್ಲವನ್ನೂ ನೋಡಿದೆ. ಈ ರೋಗ ಮನುಷ್ಯರಿಗೆ ಅಂಟಿದರೆ ಕಪ್ಪು ಹಕ್ಕಳೆಯ ಹುಣ್ಣಾಗುತ್ತದೆ. ಮಗುವಿನ ಕೈಯಲ್ಲಿ ಮಣ್ಣು ಬಿಟ್ಟು ಬೇರೇನೂ ಇರಲಿಲ್ಲ. ಇಲ್ಲವೆಂದು ಹೇಳಿದ ಮೇಲೆಯೇ ಚಿಕ್ಕತಾಯಮ್ಮ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ಆಮೇಲೆ ಒಂದು ವಾರ ನಾನು ಅದೇ ದಾರಿಯಲ್ಲಿ ಸೈಕಲ್ ತುಳಿದು ಆ ಕೈಗಳನ್ನು ನೋಡಿ ಬರುತ್ತಿದ್ದೆ. ಮಗುವಿಗೆ ಏನೂ ಆಗಲಿಲ್ಲ.

ಅಲ್ಲಿಂದ ಮುಂದೆ ಬಹಳ ವರ್ಷ ನೌಕರಿ ಮಾಡಿದೆ, ಮದ್ದೂರು, ಮಂಡ್ಯ, ಹೀಗೆ ಊರೂರು ತಿರುಗಿದೆ. ರೋಗದ ಮೂಲ ಹುಡುಕಿಕೊಂಡು ಎಲ್ಲಿ ಹೋದರೂ ಕೊಳಕು ಜಾಗ ಯಾವುದೆಂದು ನಾನು ಕೇಳುತ್ತಿರಲಿಲ್ಲ. ಅದನ್ನು ಯಾರಾದರೂ ತೋರಿಸುತ್ತಾರೆ. “ನಿಮ್ಮಲ್ಲಿ ತುಂಬ ಶುದ್ಧ ಅಂತ ಹುಲ್ಲು ನೀರು ಎಲ್ಲಿಂದ ತರ್ತೀರಿ, ಮೊದಲು ಅಲ್ಲಿಗೆ ಕರಕೊಂಡು ಹೋಗಿ” ಎನ್ನುತ್ತಿದ್ದೆ.