ಅಂದಾಜಿನಲ್ಲಿ ತಿರುಗಿಸಿಟ್ಟ ಗಡಿಯಾರ

ಇವತ್ತು ಬೆಳಿಗ್ಗೆ ಮಗಳಿಗೆ ಲಖನೌಗೆ ತತ್ಕಾಲ್ ಟಿಕೆಟ್ ಮಾಡಲು ಕಂಪ್ಯೂಟರ್ ಮುಂದೆ ಕೂತೆ. ಪರದೆಯ ಮೇಲೆ ಹತ್ತು ಗಂಟೆ ಆಗುವವರೆಗೂ ಕಾದೆ. ನೋಡಿದರೆ ಸೀಟೆಲ್ಲ ಆಗಲೇ ಭರ್ತಿ!

"ಅಪ್ಪಾ, ಇದರ ಘಡಿ ಪೂರಾ ಗಲತ್ ಇದೆ" ಅಂದಳು ಮಗಳು, ತನ್ನ ಮೊಬೈಲ್ ತೋರಿಸಿ. ಸೆಟ್ಟಿಂಗ್ಸ್‌ಗೆ ಹೋಗಿ ಇಂಟರ್‌ನೆಟ್ ಸಮಯ ಆನ್ ಮಾಡಿದಳು. ಗಡಿಯಾರ ಒಮ್ಮೆಲೇ ಇಪ್ಪತ್ತು ನಿಮಿಷ ಮುಂದೆ ಹೋಯಿತು.

ಅದನ್ನು ಆಫ್ ಮಾಡಿಟ್ಟಿದ್ದ ಮಹಾನುಭಾವ ನಾನೇ.

ಇಲ್ಲಿ ಗಂಗೆಯ ದಡದ ಕೇದಾರ ಘಾಟಿನಲ್ಲಿ ನಮ್ಮದು ಪೌರೋಹಿತ್ಯ. ಕರ್ನಾಟಕದಿಂದ ಬಂದವರಿಗೆ ಶ್ರಾದ್ಧ ಮಾಡಿಸುತ್ತೇವೆ. ನನ್ನ ಹಳೇ ಪಂಚಾಂಗದ ಸಾಫ್ಟ್‌ವೇರ್ ಕಂಪ್ಯೂಟರಿನ ಗಡಿಯಾರದಲ್ಲಿ ಇರುವ ಹೊತ್ತಿನ ತಿಥಿಯನ್ನಷ್ಟೇ ತೋರಿಸುತ್ತದೆ. ಹಾಗಾಗಿ ಯಾರಾದರೂ ತಮ್ಮವರು ತೀರಿಕೊಂಡ ದಿನ, ಹೊತ್ತು ಹೇಳಿದರೆ ಗಡಿಯಾರವನ್ನೇ ಅಲ್ಲಿಗೆ ತಿರುಗಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ಅಂದಾಜಿನಲ್ಲಿ ವಾಪಸ್ ತರುತ್ತಿದ್ದೆ.

ಐದು-ಹತ್ತು ನಿಮಿಷ ಆಚೀಚೆ ಆದರೆ ಏನಂತೆ, ಅನ್ನೋ ಧಿಮಾಕು...

ಆಮೇಲೆ ಅಮ್ಮ ನೆನಪಾದಳು.

ಮೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅಮ್ಮನ ಉಸಿರು ನಿಂತಿತು. ಬಾಯಿಗೆ ಗಂಗೆ ಬಿಟ್ಟೆ. ಈ ಕಂಪ್ಯೂಟರಿನಲ್ಲೇ ಹೊತ್ತು ನೋಡಿದೆ, 10:12. ಆವತ್ತು ಸಪ್ತಮಿ ಇದ್ದದ್ದು 10:20ರವರೆಗೆ. ಸಪ್ತಮಿ ಅಂತಲೇ ಬರೆದುಕೊಂಡೆ.

ಕೂಡಲೇ ತಂಗಿಗೆ ಮೊಬೈಲಿನಲ್ಲಿ ಮೆಸೇಜ್ ಹಾಕಿದ್ದೆ. ಇವತ್ತು ಹುಡುಕಿ ತೆಗೆದೆ. "ಅಮ್ಮ ಹೋಗ್ಬಿಟ್ಳು." ಅದರ ಕೆಳಗೆ ಪುಟ್ಟದಾಗಿ 10:34.

ಅಂದರೆ ಅಷ್ಟಮಿ ಹುಟ್ಟಿಯಾಗಿತ್ತು.

ಊರವರಿಗೆಲ್ಲ ತಿಥಿ ಹೇಳುವ ನಾನು ಹೆತ್ತವಳದ್ದನ್ನೇ ತಪ್ಪಿಸಿದ್ದೆ. ಎರಡು ವರ್ಷ ಅಲ್ಲದ ದಿನ ಪಿಂಡ ಇಟ್ಟಿದ್ದೆ. ನಾಳೆ ಮತ್ತೆ ಸಪ್ತಮಿ, ಬ್ರಾಹ್ಮಣರಿಗೆ ಹೇಳಿಯೂ ಆಗಿದೆ.

ಅಪ್ಪನಿಗೆ ಹೇಳದೆ ದಿನ ಬದಲಿಸುವಂತಿರಲಿಲ್ಲ. ಅವರು ಒಳಗೆ ಕೂತು ನಾಳೆಗೆಂದು ಎಳ್ಳು ಆರಿಸುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಎಳ್ಳಿನ ಮೇಲಿಂದ ಕೈ ತೆಗೆದು ಕೇಳಿದರು. "ಹಾಗಾದ್ರೆ ಎರಡು ವರ್ಷ ಅವಳು ಬಂದು, ಹಸ್ಕೊಂಡೇ ವಾಪಸ್ ಹೋದ್ಲೇನೋ?"

ಎದ್ದು ಬಂದೆ.

ಶ್ರಾದ್ಧವನ್ನು ನಾಡಿದ್ದಿಗೆ ಹಾಕಿದ್ದೇನೆ. ಮಂತ್ರವೆಲ್ಲ ಬಾಯಿಗೆ ಬರುತ್ತದೆ... ಆದರೆ ಯಾವ ಮುಖ ಇಟ್ಟುಕೊಂಡು ಅಮ್ಮನನ್ನು ಊಟಕ್ಕೆ ಕರೆಯಲಿ, ಹೇಳಿ?